ಗೌರಿಯ ಚೀಲದ ಎಲೆ

ಗೌರಿ, ಕದ್ದವಳು ನಾನು. ನಿನ್ನ ಚೀಲದ ಟೀ ಎಲೆಯನ್ನು ನನ್ನ ಚೀಲಕ್ಕೆ ತುಂಬಿಕೊಂಡವಳು ನಾನೇ — ಒಂದು ದಿನವಲ್ಲ, ಇಡೀ ಸೀಸನ್ನು. ನೀನು ಸೋಮಾರಿಯಾಗಿರಲಿಲ್ಲ. ಯಾವತ್ತೂ ಇರಲಿಲ್ಲ.

ತೊಂಬತ್ತೆರಡನೇ ಇಸವಿ. ನಾವಿಬ್ಬರೂ ಕೋತಗಿರಿಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದೆವು. ಮಳೆ ಮುಗಿದು ಗಿಡ ಚಿಗುರಿದರೆ ಶನಿವಾರ, ಭಾನುವಾರ ಹಟ್ಟಿಯ ಹುಡುಗಿಯರೆಲ್ಲ ತಮ್ಮ ತೋಟದಲ್ಲಿ ಎಲೆ ಕೀಳಬೇಕು. ನಿನ್ನ ಕೈ ಚುರುಕು, ನನ್ನದು ನಿಧಾನ. ಅಷ್ಟೇ ಇದ್ದದ್ದು! ಆದರೆ ಸಂಜೆ ಫ್ಯಾಕ್ಟರಿ ಲಾರಿ ಬಂದಾಗ ಏಜೆಂಟು ಚೀಲ ತೂಗಿ, ಒಬ್ಬೊಬ್ಬರ ಹೆಸರು ಹಿಡಿದು ಕಿಲೋ ಕೂಗುತ್ತಿದ್ದನಲ್ಲ — ಎಲ್ಲರಿಗೂ ಕೇಳುವ ಹಾಗೆ. ಅವನು ಮುಗಿಸುವಷ್ಟರಲ್ಲಿ ನನ್ನ ಅವ್ವೆ ಶುರು ಮಾಡುತ್ತಿದ್ದಳು.

"ಗೌರಿಗೂ ಎರಡೇ ಕೈ, ನಿನಗೂ ಎರಡೇ ಕೈ. ನಿನ್ನ ಕೈಗ ಏನಾತು?"

ಉಣ್ಣಲು ಕೂತರೆ ಗೌರಿ, ತಲೆ ಬಾಚಿದರೆ ಗೌರಿ. ನಿನ್ನ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶನಿವಾರ ಚೀಲಗಳನ್ನು ರಸ್ತೆ ಬದಿಯ ಶೆಡ್ಡಿನಲ್ಲಿಟ್ಟು ನೀನು ಮುಖ ತೊಳೆಯಲು ಹೋದೆ. "ನನ್ನ ಚೀಲ ನೋಡ್ಕೊ, ರುಕ್ಕಿ" ಎಂದು ಹೇಳಿ ಹೋದೆ. ಚೆನ್ನಾಗಿ ನೋಡಿಕೊಂಡೆ ನಾನು! ಎರಡು ತೋಳು ತುಂಬ ಎಲೆ ಎತ್ತಿ ನನ್ನ ಚೀಲಕ್ಕೆ ತುರುಕಿದೆ. ಆ ಸಂಜೆ ಅವ್ವೆ ನನ್ನ ಬೆನ್ನು ತಟ್ಟಿದಳು. ನಿನ್ನ ಅವ್ವೆ ಎಲ್ಲರೆದುರು ನಿನ್ನ ಜಡೆ ಹಿಡಿದೆಳೆದಳು. ಈಗ ಅವಳ ಬಾಯಲ್ಲಿ ನನ್ನ ಹೆಸರು — "ರುಕ್ಕಿಯ ನೋಡು, ರುಕ್ಕಿಯ ನೋಡು!" ಮುಂದಿನ ವಾರವಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೊಗಳಿಕೆಯ ರುಚಿ ಹತ್ತಿತ್ತು.

ಪರೀಕ್ಷೆಗೆ ಮೂರು ತಿಂಗಳಿರುವಾಗ ನಿನ್ನ ಅವ್ವೆ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದಳು.

"ರುಕ್ಕಿ ಓದಿಕೊಂಡೇ ಅಷ್ಟು ಎಲೆ ಕೀಳ್ತಾಳೆ. ನಿನಗೆ ಓದಿ ಓದಿ ಕೈ ಸತ್ತೋತು. ಸ್ಕೂಲು ಸಾಕು."

ತರಗತಿಗೇ ಮೊದಲಿಗಳು ನೀನು, ಗೌರಿ! ನಿನ್ನ ನೋಟ್ಸು ಓದಿ ಪಾಸಾದವಳು ನಾನು. ಒಂದೇ ಒಂದು ಮಾತು ಬಾಯಿಬಿಟ್ಟಿದ್ದರೆ — ಬಿಡಲಿಲ್ಲ. ನೀನು ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿದ್ದೆ, ನಾನು ಪರೀಕ್ಷೆ ಬರೆದೆ. ಟೀಚರಾದೆ.

ನಮ್ಮ ಅವ್ವೆಯರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆತ್ತ ಮಕ್ಕಳನ್ನು ಚೀಲದ ಜೊತೆ ತೂಗಿದರಲ್ಲ! ಆದರೆ ಕಳ್ಳತನ ಮಾಡು ಅಂತ ಅವರ್ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿ.

ಹೋದ ವಾರ ನಿನ್ನ ಮನೆಗೆ ಬಂದಿದ್ದೆನಲ್ಲ. ಮಗಳ ರಿಪೋರ್ಟ್ ಕಾರ್ಡನ್ನು ನನ್ನ ಕೈಗೆ ಕೊಟ್ಟು ಅವಳಿಗೆ ಹೇಳಿದೆ ನೀನು, "ಈ ಟೀಚರ ನೋಡಿ ಕಲಿ. ಎಲೆಲೂ ಮುಂದು, ಓದಲೂ ಮುಂದು. ನನ್ನ ಮಾದಿರಿ ಸೋಮಾರಿ ಆಗಬೇಡ."

ನಗುತ್ತ ಹೇಳಿದೆ! ಹದಿನಾರು ವರ್ಷ ಅದನ್ನೇ ನಂಬಿಕೊಂಡು ಬದುಕಿದ್ದೀಯ. ನಿನ್ನ ಮಗಳು ಸಿಟ್ಟಿನಿಂದ ನನ್ನನ್ನು ನುಂಗುವ ಹಾಗೆ ನೋಡಿದಳು, ಸರಿಯಾಗಿಯೇ ನೋಡಿದಳು. ನಾನೋ — ಥೂ, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ.

ಭಾನುವಾರ ಮತ್ತೆ ಬರುತ್ತೇನೆ. ನಿನ್ನ ಅವ್ವೆಯೂ ಇರಲಿ. ನನ್ನ ಅವ್ವೆಯನ್ನು ನಾನೇ ಕರೆತರುತ್ತೇನೆ. ಮೊದಲು ನಿನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ — ನಿನ್ನ ಅಮ್ಮನ ಓದು ನಿಲ್ಲಿಸಿದವಳು ನಾನು ಎಂದು. ಆಮೇಲೆ ನೀನು ಹೊರಗೆ ಹಾಕಿದರೆ ಹೋಗುತ್ತೇನೆ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.