ಕರಿಯನಿಗೆ ಮರಾಠಿ ಬರುತ್ತಿರಲಿಲ್ಲ

ಮೊನ್ನೆ ಕೊಲ್ಹಾಪುರದ ಶಾಲೆಯಿಂದ ಬಂದ ಮೊಮ್ಮಗಳ ಅಂಗಿಯಿಂದ ನಾಯಿಯ ವಾಸನೆ ಬರುತ್ತಿತ್ತು. "ಆಯಿ, ಸಾಲಿಗೆ ನಾಯಿ ತಂದಿದ್ರು. ಅಂಜೋ ಹುಡುಗ್ರಿಗೆ ಅದ ಔಷಧ ಅಂತ." ನನಗೆ ನಗು ಬಂತು. ಆ ಔಷಧ ಇಚಲಕರಂಜಿಯ ನಮ್ಮ ಓಣಿಯಲ್ಲಿ ಎಂಬತ್ತರ ದಶಕದಲ್ಲೇ ಇತ್ತು, ಕೇಳಿ!

ಆಗ ಇವಳ ತಾಯಿ ಮಹಾದೇವಿ ಎಂಟು ವರ್ಷದವಳು. ಮಗ್ಗದ ಕೆಲಸಕ್ಕೆಂದು ಕನ್ನಡ ಸೀಮೆಯ ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ನಾವು ಅವಳನ್ನು ಮರಾಠಿ ಶಾಲೆಗೆ ಹಾಕಿದ್ದೆವು. ಬಾಯಿ ತೆರೆದರೆ ಸಾಕು, ಹುಡುಗರು "ಕಾನಡಿ, ಕಾನಡಿ" ಎಂದು ಅಣಕಿಸುತ್ತಿದ್ದರಂತೆ. ಕೂಸು ಮಾತನ್ನೇ ಬಿಟ್ಟಿತು, ಮನೆಯಲ್ಲೂ. "ಸಾಲಿ ಬಿಡಸೂನು, ಕಾಂಡಿ ಸುತ್ತಲಿ" ಎಂದರು ನಮ್ಮ ಮನೆಯವರು. ಮಗ್ಗಕ್ಕೆ ನೂಲಿನ ಕಾಂಡಿ ಸುತ್ತಿ ಸುತ್ತಿ ನನ್ನ ಬೆರಳುಗಳೇ ಸವೆದಿದ್ದವು. "ದೀಪಾವಳಿತನಾ ತಡೀರಿ" ಎಂದು ಜಗಳಕ್ಕೆ ನಿಂತೆ. ಮಗ್ಗದ ಸದ್ದಿನಲ್ಲಿ ಪಳಗಿದ ಗಂಟಲು, ಓಣಿಗೆಲ್ಲ ಕೇಳಿಸಿತು.

ಅದೇ ವಾರ ನನ್ನ ತಮ್ಮ ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿ ತರುಬಲು ಮಂದೆ ಹೊಡೆದುಕೊಂಡು ಶಿರೋಳದ ಕಡೆ ಹೊರಟಿದ್ದ. ಕಾಲಿಗೆ ಪೆಟ್ಟಾದ ನಾಯಿಯನ್ನು ನಮ್ಮಲ್ಲಿ ಬಿಟ್ಟ. "ಕಾಲ ನೆಟ್ಟಗ ಆಗೂತನಾ ಇಟ್ಕೋ ಅಕ್ಕಾ. ಭಾಳ ಶಾಣ್ಯಾ ಅದಾನ ಕರಿಯಾ." ಇದ್ದ ಸಂಕಟ ಸಾಲದೆಂದು ಇದೊಂದು ಬೇರೆ, ಎಂದು ಗೊಣಗಿದೆ. ಮರುದಿನ ನೀರು ಹೊತ್ತು ಬರುತ್ತೇನೆ, ಹಿತ್ತಿಲಲ್ಲಿ ಯಾರದೋ ದನಿ. "ನೋಯಾಕತ್ತೈತೇನೋ? ನನಗ ಹೇಳು." ಮಹಾದೇವಿ! ಕೊಡ ಇಳಿಸುವುದನ್ನೂ ಮರೆತು ನಿಂತೆ.

ಸಂಜೆ ಸಮಾಜ ಮಂದಿರದ ಕಟ್ಟೆಗೆ ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ಕರಿಯನೂ ಕುಂಟುತ್ತ ಹೋಗಿ ಮಲಗುತ್ತಿದ್ದ. "ಇಕಡೇ ಯೇ ರೇ" ಎಂದು ಅವರು ಕರೆದು ಕರೆದು ಗಂಟಲು ಹರಿದುಕೊಂಡರೂ ಕಿವಿ ನಿಮಿರಿಸುತ್ತಿರಲಿಲ್ಲ. ನಮ್ಮ ಕಡೆಯ ಕುರಿ ಕಾಯುವ ನಾಯಿ, ಮರಾಠಿ ಎಲ್ಲಿಂದ ಬರಬೇಕು! ಮಹಾದೇವಿ ಮೆಲ್ಲಗೆ "ಬಾರೋ" ಎಂದರೆ ಎದ್ದು ಬಂದು ತೊಡೆಯ ಮೇಲೆ ತಲೆಯಿಡುತ್ತಿದ್ದ. ಅಣಕಿಸುವುದರಲ್ಲಿ ಮುಂದಿದ್ದ ಸುಶೀಲೆಯೇ ಕೊನೆಗೆ ಸೋತು, "ಮಲಾ ಪಣ ಶಿಕವ್ ನಾ", ನನಗೂ ಕಲಿಸೇ, ಎಂದು ಬಂದಳು. ನನ್ನ ಮಗಳು ಗುರುವಾದಳು! ಬಾ, ಏಳು, ಕೂಡು ಎಂದು ಕಲಿಸುತ್ತ ಕಲಿಸುತ್ತ ಅವರ ಮರಾಠಿ ಇವಳ ನಾಲಗೆಗೂ ಹತ್ತಿತು.

ದೀಪಾವಳಿ ಹತ್ತಿರ ಬಂದಾಗ ನನ್ನ ತಮ್ಮ ನಾಯಿಯನ್ನು ಒಯ್ಯಲು ಬಂದ. ಕರಿಯನ ಹಿಂದೆ ಮಗಳ ಮಾತೂ ಹೊರಟುಹೋದರೆ? ಮಹಾದೇವಿ ಕರಿಯನ ಕೊರಳು ತಬ್ಬಿ ಅತ್ತಳು. ಆಮೇಲೆ ತಾನೇ ಹಗ್ಗ ಮಾಮನ ಕೈಗಿಟ್ಟಳು. "ಒಯ್ಯಿ ಮಾಮಾ, ಕುರಿ ದಾರಿ ನೋಡಾಕತ್ತಿರ್ತಾವ." ಮರಾಠಿ ಮಕ್ಕಳೆಲ್ಲ ಹಿಂದೆ ಓಡುತ್ತ ನಮ್ಮ ಮಾತಿನಲ್ಲಿ ಕೂಗಿದರು: "ಹೋಗಿ ಬಾರೋ ಕರಿಯಾ!"

ಮರುದಿನ ಬಾಗಿಲಲ್ಲಿ ನಿಂತಿದ್ದೆ. ಮಹಾದೇವಿ ಚೀಲ ಹೆಗಲಿಗೇರಿಸಿ ಸುಶೀಲೆಯನ್ನು ಕೂಗಿದಳು. ಇಬ್ಬರೂ ವಟವಟ ಎನ್ನುತ್ತ ಶಾಲೆಯ ದಾರಿ ಹಿಡಿದರು. ಮನೆಯವರು ಕಾಂಡಿಯ ಮಾತು ಮತ್ತೆ ಎತ್ತಲಿಲ್ಲ. ನನ್ನ ಹೆಮ್ಮೆ ಏನು ಕೇಳುತ್ತೀರಿ!

ಇದನ್ನೆಲ್ಲ ಅಂದು ಮೊಮ್ಮಗಳ ಮುಂದೆ ಕೊಚ್ಚಿಕೊಂಡು ಮುಗಿಸಿದಾಗ ಅವಳು ನನ್ನ ಸೆರಗು ಹಿಡಿದಿದ್ದಳು. "ಆಯಿ, ಅಂಜೋ ಹುಡುಗ್ರ ಜೋಡಿ ಆ ನಾಯಿ ಹತ್ರ ಇವತ್ತ ನನ್ನೂ ಕೂಡ್ಸಿದ್ರು" ಎಂದಳು. "ನನಗ ಹೇಳು" ಎಂದು ಅವಳನ್ನು ಮಗ್ಗುಲಿಗೆ ಎಳೆದುಕೊಂಡೆ. ಅವಳು ಹೇಳತೊಡಗಿದಳು.