ನಾಲ್ಕು ಮೆಟ್ಟಿಲಲ್ಲಿ ಆರಿದ ಬೆಳಕು

2022ರ ಡಿಸೆಂಬರ್‌ನಲ್ಲಿ ನಾನು ಮೈಕ್ರೋಸ್ಕೋಪ್ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್. ನೀಲಗಿರಿಯ ಕೋತಗಿರಿ ಬಳಿಯ ಪ್ರಯೋಗಾಲಯವೊಂದಕ್ಕೆ ಹತ್ತು ದಿನದ ಮಟ್ಟಿಗೆ ಎರವಲು ಕೊಟ್ಟಿದ್ದ ಉಪಕರಣದ ಹೊಣೆ ನನ್ನದಾಗಿತ್ತು.

ಸಂಶೋಧಕಿ ಸುಮತಿ ಪಕ್ಕದ ಹಟ್ಟಿಯ ಬಡಗ ಕುಟುಂಬದವಳು. ಅವಳು ನೋಡಬೇಕಿದ್ದದ್ದು ಐಯಾನ್ ಚಾನಲ್, ಅಂದರೆ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಪ್ರೋಟೀನ್ ಬಾಗಿಲು. ಒಂದು ಬಾಗಿಲಿಗೆ ನಾಲ್ಕು ತುಂಡು. ಪ್ರತಿ ತುಂಡಿಗೂ ಹೊಳೆಯುವ ಗುರುತು ಸೇರಿಸಿ ಲೇಸರ್ ತಾಗಿಸಿದರೆ ಇಡೀ ಚಾನಲ್ ಒಂದೇ ಚುಕ್ಕೆಯಾಗಿ ಕಾಣುತ್ತದೆ. ಗುರುತುಗಳು ಒಂದೊಂದಾಗಿ ಆರುತ್ತವೆ. ಹೊಳಪು ಸರಿಯಾಗಿ ನಾಲ್ಕು ಮೆಟ್ಟಿಲು ಇಳಿದರೆ ಅದು ಒಂಟಿ ಚಾನಲ್. ಸತ್ತ ಕೋಶಗಳಲ್ಲಿ ಅವಳು ಇದನ್ನು ಎಣಿಸಿದ್ದಳು. ಜೀವಂತ ಕೋಶದಲ್ಲಿ ಎಣಿಸದೆ ಪ್ರಬಂಧ ಮುಗಿಯುವಂತಿರಲಿಲ್ಲ.

ಒಂಬತ್ತು ದಿನ ಚಿತ್ರ ನಡುಗಿತು. ಮೆಟ್ಟಿಲುಗಳ ಬದಲು ಬರೀ ಗೀಚು. ಹತ್ತನೆಯ ದಿನ ಬಂತು; ಮರುದಿನ ಬೆಳಿಗ್ಗೆ ಉಪಕರಣ ಲಾರಿ ಹತ್ತಬೇಕು. ರಸ್ತೆಯಾಚೆಯ ಟೀ ಫ್ಯಾಕ್ಟರಿಯ ಎಲೆ ಹೊಸೆಯುವ ರೋಲರ್‌ಗಳೇ ಕಾರಣ ಎಂದು ನಾನು ಖಚಿತವಾಗಿ ಹೇಳಿದ್ದೆ. ಅಲ್ಲಿನ ಫೋರ್‌ಮನ್ ನಂಜನ್ ಸುಮತಿಯ ಸೋದರಮಾವ. ಯಂತ್ರಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುವಿರಾ ಎಂದು ಅವರನ್ನು ಕೇಳಿದೆ.

"ಬಾಡಿದ ಲೀಫ್ ಯಾರಿಗೂ ಕಾಯದು, ಸಾರ್. ಊಟದ ಹೊತ್ತಲ್ಲಿ ಹತ್ತು ನಿಮಿಷ ನಿಲ್ಲಿಸಿನೆ," ಎಂದು ಅವರು ನಕ್ಕರು.

ಮಧ್ಯಾಹ್ನ ರೋಲರ್‌ಗಳು ನಿಂತವು. ನಡುಕ ನಿಲ್ಲಲಿಲ್ಲ.

ನೋಡಲು ಬಂದಿದ್ದ ನಂಜನ್, ರೋಲರ್‌ಗೆ ಅಂಗೈಯಿಟ್ಟು ಬೇರಿಂಗ್ ಸವೆದದ್ದನ್ನು ಹೇಳುವವರು. ನಮ್ಮ ಮೇಜಿನ ಮೇಲೂ ಅಂಗೈ ಇಟ್ಟು, ಅಂಚು ಸವರುತ್ತಾ ಬಂದು ಒಂದು ಮೂಲೆಯಲ್ಲಿ ನಿಂತರು.

"ನಂಗ ಮೆಷಿನು ಅಲ್ಲ ಕೂಸೆ, ನಿಂಗ ಫ್ಯಾನು! ಇಷ್ಟು ದಿನ ನಂಗ ಫ್ಯಾಕ್ಟರಿಯ ಬೈದಿರಲ್ಲಾ!"

ಕೋಶಗಳಿಗೆ ಚಳಿಯಾಗದಿರಲೆಂದು ನಾನೇ ಮೇಜಿನ ಕೆಳಗೆ ಬಿಗಿದಿದ್ದ ಹೀಟರ್‌ನ ಫ್ಯಾನ್ ಅದು.

"ಆರಿಸಿದರೆ ಕೋಶಗಳು ಸಾಯುತ್ತವೆ," ಎಂದೆ.

"ಹತ್ತು ನಿಮಿಷಕ್ಕೆ ಸಾಯಲ್ಲ, ಸಾರ್. ಅವೂ ನೀಲಗಿರಿಯಲ್ಲೇ ಬೆಳೆದವು," ಎಂದು ಸುಮತಿ ಸ್ವಿಚ್ ಒತ್ತಿದಳು.

ತೆರೆಯ ಮೇಲೆ ಚುಕ್ಕೆಯೊಂದು ಪೊರೆಯಲ್ಲಿ ಮೆಲ್ಲನೆ ಅಲೆಯಿತು. ಚಳಿ ಅದರ ಓಟವನ್ನೂ ತಗ್ಗಿಸಿತ್ತು. ಹೊಳಪಿನ ಗೆರೆ ಥಟ್ಟನೆ ಕುಸಿಯಿತು. "ಒಂದು," ಎಂದಳು ಸುಮತಿ. ಎರಡು, ಮೂರಕ್ಕೆ ನಂಜನ್ ದನಿಗೂಡಿಸಿದರು. ಆಮೇಲೆ ಗೆರೆ ಕದಲಲೇ ಇಲ್ಲ. ಮೂವರೂ ತೆರೆಯತ್ತ ಬಾಗಿದೆವು. ಇದ್ದಕ್ಕಿದ್ದಂತೆ ಚುಕ್ಕೆಯೇ ಮಾಯವಾಯಿತು.

"ಅಯ್ಯೋ, ಹೋಚು!" ಎಂದರು ನಂಜನ್.

"ನಾಕು! ಹೋದ್ದಕ್ಕೇ ಗೆದ್ದೆ, ಮಾಮಾ!" ಸುಮತಿ ಅವರ ಕೈ ಹಿಡಿದು ಕುಣಿದಳು.

ಆಚೆ ರೋಲರ್‌ಗಳು ಮತ್ತೆ ಶುರುವಾದವು. ನಮ್ಮ ಗೆರೆ ಅಲುಗಲಿಲ್ಲ. ಕೋಶಗಳನ್ನು ನಡುನಡುವೆ ಬೆಚ್ಚಗಾಗಿಸುತ್ತಾ ಸಂಜೆಯೊಳಗೆ ಇನ್ನೂ ಹನ್ನೊಂದು ಚುಕ್ಕೆಗಳನ್ನು ಎಣಿಸಿದೆವು. ಕೊನೆಯ ಎರಡನ್ನು ಎಣಿಸಿದ್ದು ನಾನು, ಜೋರಾಗಿ. ದೋಷ ಹುಡುಕುವವನು ತಾನೇ ಬಿಗಿದ ಸ್ಕ್ರೂಗಳಿಂದ ಶುರು ಮಾಡಬೇಕೆಂಬುದನ್ನು ಇಪ್ಪತ್ತೆಂಟು ವರ್ಷದ ಸರ್ವಿಸ್ ಆದ ಮೇಲೆ ಕಲಿತೆ. ಇಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡ ದಿನ ನನ್ನ ವೃತ್ತಿಯಲ್ಲಿ ಇನ್ನೊಂದಿಲ್ಲ.