ಅತ್ತೆಯ ಕ್ಯಾಸೆಟ್ಟಿನ ಮೇಲೆ ಜಪಾನಿ ಸಿನಿಮಾ

ಹುಬ್ಬಳ್ಳಿಯಲ್ಲಿ ನನ್ನ ಅತ್ತೆಗೆ ಗಂಟಲಿನ ಆಪರೇಷನ್ ಆಗಿ ಮಾತು ಶಾಶ್ವತವಾಗಿ ಹೋಗಿತ್ತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ಅವರ ಮಗ, ಅಂದರೆ ನನ್ನ ಹೆಂಡತಿಯ ತಮ್ಮ, ಅವರನ್ನು ಕ್ಯಾಮೆರಾ ಮುಂದೆ ಕೂರಿಸಿ ಎರಡು ಗಂಟೆ ಮಾತಾಡಿಸಿದ್ದ. ಹಾಡು, ಹರಟೆ, ಮಗಳಿಗೆ ಬುದ್ಧಿಮಾತು, ಎಲ್ಲ. ಇದ್ದ ಆ ಒಂದೇ ಕ್ಯಾಸೆಟ್ಟನ್ನು ಪರಿಚಯದವರ ಕೈಯಲ್ಲಿ ಅಬುಧಾಬಿಯಲ್ಲಿದ್ದ ನಮಗೆ ಕಳಿಸಿದ್ದ. ಇಲ್ಲಿನ ವಿಮಾನ ನಿಲ್ದಾಣದವರು, ನೋಡಬಾರದ್ದೇನಾದರೂ ಇದೆಯೇ ಎಂಬ ಪರೀಕ್ಷೆಗೆಂದು ಅದನ್ನು ಇಟ್ಟುಕೊಂಡಿದ್ದರು. ಹೆಂಡತಿ ದಿನ ಎಣಿಸುತ್ತಿದ್ದಳು.

ಸಿನಿಮಾ ಹುಚ್ಚು ನನ್ನದು, ಮುಚ್ಚಿಡುವುದೇನಿದೆ! ಗುರುವಾರ ಸಂಜೆ ಎಲೆಕ್ಟ್ರಾ ಸ್ಟ್ರೀಟಿನ ವಿಡಿಯೋ ಅಂಗಡಿಯ ಮಂಗಳೂರಿನವರು ಜಪಾನಿ ಚಿತ್ರವೊಂದನ್ನು ಕೈಗಿಟ್ಟು, "ಹಾಲಿವುಡ್ಡಿನವರನ್ನು ನೋಡಿ ಕಲಿತು ಅವರನ್ನೇ ಮೀರಿಸಿದ್ದಾರೆ ಮಾರಾಯ್ರೆ. ನಾಳೆ ಸಂಜೆ ವಾಪಸ್ ಬೇಕು," ಎಂದರು.

ಶುಕ್ರವಾರ ನನಗೆ ರಜೆ. ನರ್ಸ್ ಆಗಿದ್ದ ಹೆಂಡತಿಗೆ ಬೆಳಗಿನ ಡ್ಯೂಟಿ. ಪಕ್ಕದ ಫ್ಲ್ಯಾಟಿನವರ ವಿಸಿಆರ್ ತಂದು ನಮ್ಮದಕ್ಕೆ ವೈರು ಜೋಡಿಸಿ ಕಾಪಿ ಮಾಡಲು ಕುಳಿತೆ. ಊರಿಂದ ಬಂದ ಕ್ಯಾಸೆಟ್ಟುಗಳೆಲ್ಲ ನಿಲ್ದಾಣದ ಹಸಿರು ಚೀಟಿ ಅಂಟಿಸಿಕೊಂಡೇ ಮನೆ ಸೇರುತ್ತಿದ್ದವು. ಹೆಸರು ಬರೆದ ಜಾಗದ ಮೇಲೆಯೇ ಚೀಟಿ. ಹಾಗೆ ಬಂದ ಹಳೆಯ ಸಿನಿಮಾಗಳ ಮೇಲೆ ಹೊಸದನ್ನು ತುಂಬಿಕೊಳ್ಳುವುದು ನಮ್ಮ ರೂಢಿ. ಟಿವಿಯ ಮೇಲಿದ್ದ ಒಂದನ್ನು ಹಿಂದೆಮುಂದೆ ನೋಡದೆ ತುರುಕಿದೆ.

ಚಿತ್ರ ಭರ್ಜರಿಯಾಗಿತ್ತು. ಸಮುದ್ರದಿಂದ ಎದ್ದು ಬಂದ ಉಕ್ಕಿನ ಸೈನಿಕರು, ಸೇತುವೆ ಉರುಳುತ್ತಿದ್ದರೂ ಕರಿ ಕನ್ನಡಕ ತೆಗೆಯದ ನಾಯಕ! ಮುಗಿದದ್ದೇ ಎರಡೂ ಮೆಷಿನ್ ನಿಲ್ಲಿಸಿದೆ. ಅಷ್ಟರಲ್ಲಿ ಹೆಂಡತಿ ಬಂದಳು. ಕೈಯಲ್ಲಿ ಪೇಢೆಯ ಪೊಟ್ಟಣ.

"ರೀ, ನಿಮಗ ಹೇಳಿದ್ದಿಲ್ಲ. ನಿನ್ನೆನ ಅವ್ವನ ಕ್ಯಾಸೆಟ್ ಬಿಡಿಸ್ಕೊಂಡ ಬಂದೀನಿ. ಇಬ್ರೂ ಕೂಡಿ ನೋಡೂಣಂತ ಟಿವಿ ಮ್ಯಾಲೆ ಇಟ್ಟಿದ್ದೆ. ಹಚ್ಚರಿ."

ನಾನು ವಿಸಿಆರ್ ಕಡೆ ನೋಡಿದೆ, ಆಕೆಯೂ ನೋಡಿದಳು. ಜೋಡಿಸಿದ ವೈರು ಎಲ್ಲವನ್ನೂ ಹೇಳಿಬಿಟ್ಟಿತು.

"ಎಷ್ಟ ಅಳಿಸೀರಿ?"

"ಗೊತ್ತಿಲ್ಲ," ಎಂದೆ. ಸುಳ್ಳು ಹೇಳುವಷ್ಟು ಬುದ್ಧಿಯೂ ಉಳಿದಿರಲಿಲ್ಲ. ಸಿನಿಮಾ ಎರಡು ಗಂಟೆಗೆ ಸ್ವಲ್ಪವೇ ಕಡಿಮೆ ಇತ್ತು.

ಆಕೆಯೇ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ, ಚಿತ್ರ ಕಾಣುವಂತೆ ಮುಂದಕ್ಕೆ ಓಡಿಸಿದಳು. ನಡುವೆ ಎಲ್ಲಾದರೂ ಉಳಿದಿರಬಹುದೆಂಬ ಆಸೆ ಆಕೆಗೆ. ಸೈನಿಕರು ಸದ್ದಿಲ್ಲದೆ ಓಡುತ್ತಿದ್ದರು, ಬೀಳುತ್ತಿದ್ದರು. ನನಗೆ ಆ ನಾಯಕನ ಕನ್ನಡಕ ಕಿತ್ತು ತುಳಿಯುವಷ್ಟು ಸಿಟ್ಟು. ನನ್ನ ಮೇಲಿನ ಸಿಟ್ಟನ್ನು ಇನ್ಯಾರ ಮೇಲೆ ತೀರಿಸಿಕೊಳ್ಳಲಿ? ಜಪಾನಿ ಹೆಸರುಗಳು ಸಾಲಾಗಿ ಮೇಲೇರಿ ಮುಗಿದವು. ತೆರೆ ಒಮ್ಮೆ ನಡುಗಿತು.

ಅತ್ತೆಯ ಮುಖ ಬಂತು. ತಲೆಯ ಮೇಲೆ ಸೆರಗು, ಕೊರಳಲ್ಲಿ ಮಫ್ಲರು. "...ಮತ್ತ ಅಳಿಯಂದ್ರಿಗೆ ಸುಮ್ಮ ಸುಮ್ಮನ ಬೈಬ್ಯಾಡವಾ. ಭಾಳ ಒಳ್ಳೇವ್ರದಾರ. ಸಾಕಪಾ, ಇನ್ನ ಬಂದ್ ಮಾಡು," ಎಂದು ಮಗನತ್ತ ಕೈ ಆಡಿಸಿದರು. ಅಲ್ಲಿಗೆ ಮುಗಿಯಿತು.

ಹೆಂಡತಿ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. ಮತ್ತೆ ಸುತ್ತಿದಳು.

"ಬೈದ್ ಬಿಡ, ನಿನ್ನ ಕೈ ಮುಗೀತೀನಿ," ಎಂದು ನಾನು ಅಂಗಲಾಚಿದೆ.

"ಅವ್ವ ಬ್ಯಾಡ ಅಂದಾಳಲ್ರೀ," ಎಂದು ಆಕೆ ಅಳತೊಡಗಿದಳು.